ಟ್ಯಾಂಕು ತುಂಬಿದ ಮೇಲೆ

ಮರವಂತೆಯಲ್ಲಿ ಹೆದ್ದಾರಿಯ ಪಡುವಕ್ಕೆ ಸಮುದ್ರ, ಮೂಡಕ್ಕೆ ಸೌಪರ್ಣಿಕೆ. ಹೊಳೆದಂಡೆಯ ಮನೆಯೊಂದರ ಜಗಲಿಯಲ್ಲಿ ಮೇ ತಿಂಗಳ ಕೊನೆಯ ಒಂದು ಸಂಜೆ ನಡೆದ ಮಾತುಕತೆ ಇದು. ಮಾತಾಡಿದವರು ಇಬ್ಬರು. ಒಬ್ಬರು ಕಲಾಸಿಯಾಗಿ, ಅಂದರೆ ಕೆಲಸದಾಳಾಗಿ, ಮೀನಿನ ಬೋಟು ಹತ್ತಿ, ಮೂವತ್ತು ವರ್ಷ ದುಡಿದು, ಬೋಟು ನಡೆಸುವ ತಂಡೇಲರಾಗಿ ಇಳಿದ ಮಾವ. ಇನ್ನೊಬ್ಬಳು ಅವರ ಅಕ್ಕನ ಮಗಳು, ಎಂಜಿನಿಯರಿಂಗ್ ಕಾಲೇಜಿನಲ್ಲಿ ನೀರು, ನೈರ್ಮಲ್ಯದ ಪಾಠ ಹೇಳುವವಳು. ಮಾವನಿಗೆ ಈಗ ಕಡಲಿಗೆ ಹೋಗುವಷ್ಟು ಮೈಗಟ್ಟಿಲ್ಲ. ಪ್ರವಾಸಿಗರು ರಾತ್ರಿ ಉಳಿಯುವಂಥ ಬೋಟೊಂದನ್ನು ಸೌಪರ್ಣಿಕೆಗೆ ಇಳಿಸಬೇಕೆಂಬ ಆಸೆ. ಅದಕ್ಕೆ ಬೇಕಾದ ಕಾಗದಪತ್ರಗಳ ಪಟ್ಟಿ ಕೈಯಲ್ಲಿತ್ತು. ಅದರ ಒಂದು ಸಾಲಿನ ಕೆಳಗೆ ಪೆನ್ನಿನಲ್ಲಿ ಗೆರೆ ಎಳೆದಿದ್ದರು.

ಮಾವ: ಇದೊಂದು ನೀನೇ ಹೇಳಬೇಕು ಮಗಾ. ಎಂಜಿನ್ನು, ಲೈಫ್ ಜಾಕೆಟ್ಟು, ವಿಮೆ, ಇವೆಲ್ಲ ನನಗೆ ಅರ್ಥವಾಗುತ್ತದೆ. ಶೌಚದ ನೀರಿನ ವಿಲೇವಾರಿ ವ್ಯವಸ್ಥೆ ತೋರಿಸಿ ಅಂತ ಉಂಟಲ್ಲ, ಅದೆಂತ? ಇಷ್ಟು ವರ್ಷ ಬೋಟಿನ ಹಿಂಬದಿಯಲ್ಲಿ ಕೂತು ಬಂದವ ನಾನು. ಆಗ ಯಾರೂ ಕೇಳಲಿಲ್ಲ.

ಸೊಸೆ: ಕೂತದ್ದು ದಡದಿಂದ ಎಷ್ಟು ದೂರದಲ್ಲಿ ಮಾವ?

ಮಾವ: ಆಳಸಮುದ್ರದ ಬೋಟು ಅಂದರೆ ಎಂಟು ಹತ್ತು ದಿನ ದಡವೇ ಕಾಣುವುದಿಲ್ಲ. ಸುತ್ತ ನೀರು, ಮೇಲೆ ಆಕಾಶ. ಅಷ್ಟು ದೊಡ್ಡ ಕಡಲಿಗೆ ಎಂಟು ಜನರದ್ದು ಎಂತ ಲೆಕ್ಕ?

ಸೊಸೆ: ಆ ಮಾತಿನಲ್ಲಿ ಕಾನೂನು ನಿಮ್ಮ ಕಡೆಗೇ ಉಂಟು. ಹಡಗುಗಳ ಮಾಲಿನ್ಯ ತಡೆಯಲು ದೇಶಗಳೆಲ್ಲ ಸೇರಿ ಮಾಡಿಕೊಂಡ ಮಾರ್ಪೋಲ್ ಎಂಬ ಒಪ್ಪಂದ ಇದೆ. ಅದರ ನಾಲ್ಕನೇ ಅನುಬಂಧ ಪೂರ್ತಿ ಶೌಚದ ನೀರಿನದ್ದೇ. 2003ರಲ್ಲಿ ಜಾರಿಗೆ ಬಂತು. ದಡದಿಂದ 12 ನಾಟಿಕಲ್ ಮೈಲಿ ದಾಟಿದ ಮೇಲೆ, ಅಂದರೆ ಸುಮಾರು 22 ಕಿಲೋಮೀಟರ್ ಆಚೆ, ಹಡಗು 4 ನಾಟ್‌ಗಿಂತ ಕಡಿಮೆಯಿಲ್ಲದ ವೇಗದಲ್ಲಿ ಓಡುತ್ತಿದ್ದರೆ, ಟ್ಯಾಂಕಿನಲ್ಲಿ ಹಿಡಿದಿಟ್ಟದ್ದನ್ನು ಸಂಸ್ಕರಿಸದೆಯೂ ಸ್ವಲ್ಪ ಸ್ವಲ್ಪವಾಗಿ ಬಿಡಬಹುದು. 3 ಮೈಲಿ ದಾಟಿದರೆ ಅರೆದು, ಸೋಂಕು ಕಳೆದು ಬಿಡಬಹುದು. ಹೊರದೇಶಗಳಿಗೆ ಓಡಾಡುವ ದೊಡ್ಡ ಹಡಗುಗಳಿಗೆ, ಇಲ್ಲವೇ ಹದಿನೈದಕ್ಕಿಂತ ಹೆಚ್ಚು ಜನರನ್ನು ಒಯ್ಯುವವಕ್ಕೆ ಮಾಡಿದ ನಿಯಮ ಅದು. ನಮ್ಮ ಗಂಗೊಳ್ಳಿ ಬಂದರಿನ ಮೀನಿನ ಬೋಟಿಗೆ ಅನ್ವಯಿಸುವುದಿಲ್ಲ. ಆದರೆ ಅದರ ಹಿಂದಿನ ಲೆಕ್ಕ ನೋಡಿ: ಆಳದ ನೀರು, ಓಡುತ್ತಿರುವ ಹಡಗು, ನಿಧಾನವಾಗಿ ಬಿಡುವುದು. ಈ ಮೂರೂ ಇದ್ದಾಗ ಕಡಲು ಜೀರ್ಣಿಸಿಕೊಳ್ಳುತ್ತದೆ. ಈಗ ಹೇಳಿ, ಬೋಟು ದಕ್ಕೆಗೆ ಕಟ್ಟಿದಾಗ ಇವುಗಳಲ್ಲಿ ಯಾವುದು ಇರುತ್ತದೆ?

ಮಾವ: ಯಾವುದೂ ಇಲ್ಲ. ಬೋಟಿಗೆ ಬೋಟು ತಾಗಿ ನಿಂತಿರುತ್ತದೆ.

ಸೊಸೆ: ಆಗಲೂ ಅದರಲ್ಲಿ ಜನ ಇರುತ್ತಾರಲ್ಲ?

ಮಾವ: ಇರದೆ ಎಲ್ಲಿಗೆ ಹೋಗುತ್ತಾರೆ? ಭಟ್ಕಳ, ಹೊನ್ನಾವರದ ಕಡೆಯವರು, ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗರು. ಅವರಿಗೆ ಬೋಟೇ ಮನೆ. ಮೀನು ಇಳಿಸುವುದು, ಮಂಜುಗಡ್ಡೆ, ಡೀಸೆಲ್, ಬಲೆ ರಿಪೇರಿ ಅಂತ ಎರಡು ಮೂರು ದಿನ ದಕ್ಕೆಯಲ್ಲೇ ಅಡುಗೆ, ಅಲ್ಲೇ ನಿದ್ದೆ. ಬೆಳಿಗ್ಗೆ ಎದ್ದು... ಹೌದು, ಅಲ್ಲೇ. ನಾನೂ ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ. ಭರತ ಬಂದು ಇಳಿತಕ್ಕೆ ಎಲ್ಲ ಅಳಿವೆಯಿಂದ ಆಚೆ ಹೋಗುತ್ತದೆ ಅಂತ ಸಮಾಧಾನ ಮಾಡಿಕೊಂಡಿದ್ದೆವು.

ಸೊಸೆ: ಹೋಗುತ್ತದಾ?

ಮಾವ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಒಂದು ಸಲ ನಮ್ಮ ಬೋಟಿನಿಂದ ಬಲೆಯ ಒಂದು ಕೆಂಪು ಫ್ಲೋಟು ಕಳಚಿ ಬಿತ್ತು. ಸಂಜೆ ಹೊತ್ತು, ಭರತದ ನೀರು. ನನ್ನ ಕಣ್ಣೆದುರೇ ಹೊಳೆಯ ಮೇಲ್ಮುಖಕ್ಕೆ ಹೋಯಿತು. ಇನ್ನು ಸಿಗುವುದಿಲ್ಲ ಅಂದುಕೊಂಡೆ. ಬೆಳಿಗ್ಗೆ ಎದ್ದು ಕಂಡರೆ ನಮ್ಮದೇ ಹಗ್ಗದ ಬುಡದಲ್ಲಿ ತೇಲುತ್ತಿತ್ತು. ಒಬ್ಬ ಹುಡುಗ ಕೋಲು ಹಾಕಿ ಎಳೆಯಲು ಹೋದ, ಕೈತಪ್ಪಿತು. ಮತ್ತೆ ಮೇಲಕ್ಕೆ ಹೋಯಿತು. ಮೂರನೇ ದಿನ ಪಕ್ಕದ ಬೋಟಿನವರು ಹಿಡಿದು ಕೊಟ್ಟರು. ಬೇಸಿಗೆಯಲ್ಲಿ ಆ ಹೊಳೆ ಹಾಗೆಯೇ. ಹೋದದ್ದು ಹೋಗುವುದಿಲ್ಲ.

ಸೊಸೆ: ಒಂದು ಸೆಮಿಸ್ಟರಿನ ಪಾಠವನ್ನು ನೀವು ಒಂದು ಫ್ಲೋಟಿನಲ್ಲಿ ಹೇಳಿದಿರಿ ಮಾವ. ನಮ್ಮ ಮನೆಯೆದುರಿನ ಈ ಹೊಳೆಯನ್ನೇ ನೋಡಿ. ಸಮುದ್ರ ಒಂದು ರಸ್ತೆಯ ಆಚೆ ಇದ್ದರೂ ಅದನ್ನು ಮುಟ್ಟುವುದಿಲ್ಲ. ತೆಂಕಕ್ಕೆ ತಿರುಗಿ, ಗಂಗೊಳ್ಳಿಯಲ್ಲಿ ವಾರಾಹಿ, ಚಕ್ರ, ಕುಬ್ಜಾ, ಖೇಟಕಗಳ ಜೊತೆ ಕೂಡಿ, ಪಂಚಗಂಗಾವಳಿ ಅನ್ನಿಸಿಕೊಂಡ ಮೇಲೆಯೇ ಸಮುದ್ರ. ಐದು ಹೊಳೆಗಳಿಗೆ ಒಂದೇ ಬಾಗಿಲು. ಮಳೆಗಾಲದಲ್ಲಿ ಐದೂ ತುಂಬಿ ಬಂದಾಗ ಆ ಬಾಗಿಲಲ್ಲಿ ಏನೂ ನಿಲ್ಲುವುದಿಲ್ಲ. ಜನವರಿ ಕಳೆದ ಮೇಲೆ ಕಥೆ ಬೇರೆ. ಉಪ್ಪುನೀರು ಗದ್ದೆಗೆ ಏರಬಾರದೆಂದು ಮೇಲೆ ಕಿಂಡಿ ಅಣೆಕಟ್ಟುಗಳಿಗೆ ಹಲಗೆ ಇಳಿಸುತ್ತೇವೆ; ಅದು ಬೇಕಾದದ್ದೇ, ಇಲ್ಲದಿದ್ದರೆ ಬಾವಿಗಳೆಲ್ಲ ಉಪ್ಪಾಗುತ್ತವೆ. ಆದರೆ ಕೆಳಗಿನ ಹೊಳೆಗೆ ಸಿಹಿನೀರಿನ ತಳ್ಳು ನಿಂತುಹೋಗುತ್ತದೆ. ಉಳಿಯುವುದು ಭರತ, ಇಳಿತ ಮಾತ್ರ. ಅದೇ ನೀರು ಮೇಲಕ್ಕೆ, ಅದೇ ನೀರು ಕೆಳಕ್ಕೆ.

ಮಾವ: ನಮ್ಮ ಪ್ರವಾಸಿ ಬೋಟು ಓಡುವುದೂ ಅದೇ ತಿಂಗಳುಗಳಲ್ಲಿ. ಅಕ್ಟೋಬರದಿಂದ ಮೇ ತನಕ.

ಸೊಸೆ: ಹೌದು, ಹೊಳೆಗೆ ಶಕ್ತಿ ಕಡಿಮೆ ಇರುವ ಹೊತ್ತಿಗೇ ಅದರ ಮೇಲೆ ಭಾರ ಹೆಚ್ಚು. ಇನ್ನೊಂದು ವಿಷಯ. ದಕ್ಕೆಯಲ್ಲಿ ಮೀನಿನ ಬುಟ್ಟಿ ತೊಳೆಯುವುದು ಯಾವ ನೀರಿನಿಂದ?

ಮಾವ: ನಲ್ಲಿಯಲ್ಲಿ ನೀರು ಬಂದರೆ ನಲ್ಲಿ. ಬಾರದಿದ್ದರೆ ಬಕೆಟಿಗೆ ಹಗ್ಗ ಕಟ್ಟಿ ಹೊಳೆಯಿಂದಲೇ ಎಳೆಯುವುದು. ಬೋಟಿನ ಹಲಗೆ ತೊಳೆಯುವುದೂ ಅದರಲ್ಲೇ.

ಸೊಸೆ: ಈಜುವುದಕ್ಕೆ, ಮೀನು ಹಿಡಿಯುವುದಕ್ಕೆ ತಕ್ಕ ಕರಾವಳಿ ನೀರು ಅನ್ನಿಸಿಕೊಳ್ಳಬೇಕಾದರೆ 100 ಮಿಲಿಲೀಟರಿನಲ್ಲಿ ಮಲದಿಂದ ಬರುವ ಕೋಲಿಫಾರ್ಮ್ ಎಣಿಕೆ 100ನ್ನು ಮೀರಬಾರದು ಎಂಬುದು ನಮ್ಮ ದೇಶದ ಮಾನದಂಡ. ಬಂದರಿನ ನೀರಿಗೆ ಸಡಿಲಿಕೆ ಕೊಟ್ಟು 500 ಅಂದಿದ್ದಾರೆ. ಒಂದು ಗ್ರಾಂ ಮಲದಲ್ಲಿ ಆ ಜೀವಿಗಳು ಕೋಟಿಗಟ್ಟಲೆ ಇರುತ್ತವೆ. ಬೋಟಿನ ಹಿಂಬದಿಯಲ್ಲಿ ಬಿದ್ದದ್ದು ಮುಂಬದಿಯಲ್ಲಿ ಬಕೆಟಿಗೆ ಬರುತ್ತದೆ. ಹತ್ತು ದಿನ ಕಡಲಲ್ಲಿ ಮಂಜುಗಡ್ಡೆಯೊಳಗೆ ಜೋಪಾನ ಮಾಡಿ ತಂದ ಮೀನು ದಡಕ್ಕೆ ಬಂದ ಅರ್ಧ ಗಂಟೆಯಲ್ಲಿ ಆ ನೀರಿಗೆ ಸಿಗುತ್ತದೆ. ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ ಮಾವ. ನೀವು ಪಟ್ಟ ಕಷ್ಟವೆಲ್ಲ ಅಲ್ಲಿ ಹಾಳಾಗುತ್ತದೆ.

ಮಾವ: ಬುಟ್ಟಿ ಬಿಡು. ಚಿಪ್ಪು ಹೆಕ್ಕುವ ಹೆಂಗಸರು ಇದ್ದಾರಲ್ಲ, ಸೊಂಟದ ತನಕ ನೀರಲ್ಲಿ ನಿಂತು, ಕಾಲಿನ ಬೆರಳಲ್ಲೇ ಮರುವಾಯಿ ಹುಡುಕುವವರು. ನಿನ್ನ ಅಜ್ಜಿಯೂ ಹೆಕ್ಕಿದವಳೇ. ಆ ಚಿಪ್ಪಿಗೆ ಎಂತ ಆಗುತ್ತದೆ?

ಸೊಸೆ: ಎಲ್ಲಕ್ಕಿಂತ ಮೊದಲು ಪೆಟ್ಟು ಬೀಳುವುದು ಅದಕ್ಕೇ. ಚಿಪ್ಪಿನೊಳಗಿನ ಜೀವ ನೀರನ್ನು ಸೋಸಿ ಬದುಕುವುದು. ನೀರು ಹೊರಗೆ ಹೋಗುತ್ತದೆ, ನೀರಲ್ಲಿದ್ದದ್ದು ಅದರ ಮೈಯಲ್ಲಿ ಕೂಡಿಕೊಳ್ಳುತ್ತದೆ. 1988ರಲ್ಲಿ ಚೀನಾದ ಶಾಂಘೈಯಲ್ಲಿ ಕೊಳಚೆ ಸೇರಿದ ನೀರಿನ ಚಿಪ್ಪು ತಿಂದು ಸುಮಾರು ಮೂರು ಲಕ್ಷ ಜನರಿಗೆ ಕಾಮಾಲೆ ಬಂತು. ಬೋಟಿಗೆ ನೇರ ಸಂಬಂಧಪಟ್ಟದ್ದೇ ಬೇಕೆಂದರೆ ಅಮೆರಿಕದ ಲೂಯಿಸಿಯಾನದ ಸಂಗತಿ ಉಂಟು. 1993ರ ನವೆಂಬರಿನಲ್ಲಿ ಅಲ್ಲಿನ ಹಸಿ ಚಿಪ್ಪು ತಿಂದವರಿಗೆ ವಾಂತಿಭೇದಿ ಶುರುವಾಯಿತು. ಪಟ್ಟಣದ ಚರಂಡಿಯೋ, ಕಾರ್ಖಾನೆಯೋ ಅಂತ ಹುಡುಕಿದರೆ ಎಳೆ ಹೋಗಿ ನಿಂತದ್ದು ಚಿಪ್ಪು ತೆಗೆಯುವ ಬೋಟುಗಳಲ್ಲೇ. ಆ ಬೋಟಿನವರಲ್ಲಿ ಹೆಚ್ಚಿನವರು ಶೌಚವನ್ನು ನೇರ ನೀರಿಗೆ ಬಿಡುತ್ತಿದ್ದರು. ಅವರಲ್ಲೊಬ್ಬ ಆ ಹೊತ್ತಿಗೆ ಕಾಯಿಲೆ ಬಿದ್ದಿದ್ದ. ಯಾವ ಹೊಲದಲ್ಲಿ ಬೆಳೆ ತೆಗೆಯುತ್ತಿದ್ದರೋ ಅಲ್ಲಿಗೇ ಸುರಿದಿದ್ದರು.

ಮಾವ: ನಾವು ಬೇಯಿಸಿ ತಿನ್ನುತ್ತೇವೆ.

ಸೊಸೆ: ಅದು ನಮ್ಮನ್ನು ಅಷ್ಟಿಷ್ಟು ಕಾಯ್ದಿದೆ. ಆದರೆ ಹೆಕ್ಕುವವಳ ಕಾಲಿನ ಗಾಯ ಬೇಯಿಸಿದ್ದಲ್ಲವಲ್ಲ.

ಮಾವ: ಅದು ಸರಿ... ಆದರೆ ಒಂದು ಮಾತು ಕೇಳುತ್ತೇನೆ, ಬೇಸರ ಮಾಡಬೇಡ. ಪೇಟೆಗಳ ಗಟಾರ ಎಲ್ಲ ಹೊಳೆಗೇ ಬರುತ್ತದೆ. ಕೊಲ್ಲೂರಿನ ಕೊಳಚೆ ಸೌಪರ್ಣಿಕೆಗೆ ಸೇರುತ್ತದೆ ಅಂತ ಚೆನ್ನೈಯ ಹಸಿರು ನ್ಯಾಯಪೀಠದ ತನಕ ದೂರು ಹೋಯಿತು. ಅಮ್ಮನವರ ಸನ್ನಿಧಿಯ ಹೊಳೆ ಅದು, ಜನ ಮಿಂದು ಕೈಮುಗಿಯುವ ನೀರು. ಅಷ್ಟು ದೊಡ್ಡದನ್ನು ಬಿಟ್ಟು ನನ್ನ ಹನ್ನೊಂದು ಜನರ ಬೋಟನ್ನು ಹಿಡಿದುಕೊಳ್ಳುವುದು ನ್ಯಾಯವಾ?

ಸೊಸೆ: ಪಾಲಿನ ಲೆಕ್ಕ ಹಾಕಿದರೆ ಬೋಟಿನದು ಸಣ್ಣ ಪಾಲು. ನೀವು ಕೇಳಿದ್ದರಲ್ಲಿ ತಪ್ಪಿಲ್ಲ, ಊರಿನ ಕೊಳಚೆಗೆ ಊರು ಉತ್ತರ ಕೊಡಲೇಬೇಕು. ಆದರೆ ಊರಿನದ್ದು ಮಣ್ಣು, ತೋಡು ದಾಟಿ ಬರುವಷ್ಟರಲ್ಲಿ ಸ್ವಲ್ಪವಾದರೂ ಕಳೆಯುತ್ತದೆ. ಬೋಟಿನದ್ದು ನಡುವೆ ಏನೂ ಇಲ್ಲದೆ ಚಿಪ್ಪಿನ ಮೇಲೆಯೇ ಬೀಳುತ್ತದೆ. ಕಾನೂನಂತೂ ಇಬ್ಬರನ್ನೂ ಬಿಟ್ಟಿಲ್ಲ. 1974ರ ಜಲ ಮಾಲಿನ್ಯ ಕಾಯ್ದೆಯ 24ನೇ ಕಲಮು ಯಾರೇ ಆಗಲಿ ಗೊತ್ತಿದ್ದೂ ಹೊಳೆಗೆ ಕೊಳಕು ಬಿಡಬಾರದು ಅನ್ನುತ್ತದೆ. ಅದರಲ್ಲಿ ಪಂಚಾಯಿತಿಯೂ ಬರುತ್ತದೆ, ಬೋಟೂ ಬರುತ್ತದೆ. ಇನ್ನು ನಿಮ್ಮ ಬೋಟಿಗೆ 2021ರ ಒಳನಾಡು ಹಡಗುಗಳ ಕಾಯ್ದೆ ಉಂಟು. 1917ರ ಬ್ರಿಟಿಷರ ಕಾಲದ ಕಾಯ್ದೆ ತೆಗೆದು ತಂದದ್ದು, 2022ರಲ್ಲಿ ಜಾರಿಯಾಯಿತು. ಎಣ್ಣೆ, ಕಸ, ಶೌಚದ ನೀರು, ಯಾವುದನ್ನೂ ಒಳನಾಡಿನ ನೀರಿಗೆ ಬಿಡುವಂತಿಲ್ಲ. ಮಾಲಿನ್ಯ ತಡೆಯ ಪ್ರಮಾಣಪತ್ರ ಬೇಕು.

ಮಾವ: ಇದು ಒಳನಾಡೋ? ಉಪ್ಪುನೀರಿನ ಹೊಳೆ.

ಸೊಸೆ: ಗಂಗೊಳ್ಳಿ ಅಳಿವೆಯಿಂದ ಬಡಾಕೆರೆ ಸೇತುವೆ ತನಕ, 23 ಕಿಲೋಮೀಟರ್, ಇದು ರಾಷ್ಟ್ರೀಯ ಜಲಮಾರ್ಗ. ಸಂಖ್ಯೆ 76. 2016ರ ಕಾಯ್ದೆಯಲ್ಲಿ ದೇಶದ 111 ಜಲಮಾರ್ಗ ಅಂತ ಹೆಸರಿಸಿದರಲ್ಲ, ಅದರಲ್ಲಿ ನಮ್ಮ ಪಂಚಗಂಗಾವಳಿಯೂ ಒಂದು. ನಿಮ್ಮ ಜಗಲಿಯ ಮುಂದೆ ಹರಿಯುವುದು ಹೆದ್ದಾರಿಯಂತೆಯೇ ನಂಬರು ಇರುವ ದಾರಿ.

ಮಾವ: ಎಂಬತ್ತು ಸಲ ದಾಟಿದ್ದೇನೆ, ಈಗ ಕೇಳುತ್ತಿದ್ದೇನೆ. ಮೀನಿನ ಬೋಟಿಗೂ ಈ ಪ್ರಮಾಣಪತ್ರ ಬೇಕಾ ಹಾಗಾದರೆ?

ಸೊಸೆ: ಬೇರೆ ಕಾನೂನಿನಲ್ಲಿ ನೋಂದಣಿಯಾದ ಮೀನುಗಾರಿಕೆ ಬೋಟುಗಳು ಈ ಕಾಯ್ದೆಯ ಹೊರಗೆ. ಅದೊಂದು ದೊಡ್ಡ ಕಂಡಿ. ದಕ್ಕೆಯಲ್ಲಿ ಸಾಲಾಗಿ ನಿಂತ ಬೋಟುಗಳಿಗೆ ಪ್ರಮಾಣಪತ್ರದ ನಿಯಮವಿಲ್ಲ, ಪಕ್ಕದಲ್ಲಿ ನಿಂತ ನಿಮ್ಮ ಒಂದು ಬೋಟಿಗೆ ಉಂಟು.

ಮಾವ: ಇರಲಿ. ಟ್ಯಾಂಕು ಇಡುತ್ತೇನೆ. ಹೇಗೆ ಇಡುವುದು ಹೇಳು. ಛಾವಣಿಯ ಮೇಲಿಡುವ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನಲ್ಲಿ ಒಂದು ತಂದು ಕಟ್ಟಿದರೆ ಆಯಿತಲ್ಲ?

ಸೊಸೆ: ಮೊದಲು ಅಳತೆ. ಎಂಟು ಪ್ರವಾಸಿಗರು, ಮೂವರು ಕೆಲಸದವರು. ಒಬ್ಬರ ಮೂತ್ರ ದಿನಕ್ಕೆ ಒಂದೂವರೆ ಲೀಟರ್ ಆಸುಪಾಸು, ಉಳಿದದ್ದು ಕಾಲು ಕಿಲೋದ ಒಳಗೆ. ಮನುಷ್ಯನದ್ದು ಅಷ್ಟೇ ಮಾವ, ಟ್ಯಾಂಕು ತುಂಬಿಸುವುದು ನಾವು ಹೊಯ್ಯುವ ನೀರು. ಮನೆಯ ಹಳೇ ಫ್ಲಶ್ ಒಂದು ಸಲಕ್ಕೆ ಹತ್ತು ಲೀಟರ್ ಬಿಡುತ್ತದೆ. ದಿನಕ್ಕೆ ಐದು ಸಲ ಅಂದರೆ ಒಬ್ಬರಿಗೇ 50 ಲೀಟರ್. ಮೂರು ಲೀಟರಿನ ಚೊಂಬಿನ ಲೆಕ್ಕ ಇಟ್ಟರೆ 15 ಲೀಟರಿನಲ್ಲಿ ಮುಗಿಯುತ್ತದೆ. ಆಗ ಹನ್ನೊಂದು ಜನರಿಗೆ ದಿನಕ್ಕೆ ಸುಮಾರು 180 ಲೀಟರ್. 500 ಲೀಟರಿನ ಟ್ಯಾಂಕು ಎರಡೂವರೆ ದಿನ ಬರುತ್ತದೆ. ಹಾಗಾಗಿ ಫ್ಲಶ್ಶನ್ನು ಆರಿಸುವಾಗ ಯೋಚಿಸಿ.

ಮಾವ: ಹೊಳೆಯ ನೀರನ್ನೇ ಪಂಪಿನಲ್ಲಿ ಎತ್ತಿ ಫ್ಲಶ್ಶಿಗೆ ಕೊಟ್ಟರೆ ಸಿಹಿನೀರು ಉಳಿಯಿತಲ್ಲ?

ಸೊಸೆ: ಉಪ್ಪುನೀರಿನಲ್ಲಿ ಗಂಧಕದ ಅಂಶ ಉಂಟು. ಗಾಳಿಯಿಲ್ಲದ ಟ್ಯಾಂಕಿನಲ್ಲಿ ಅದು ಕೊಳೆತ ಮೊಟ್ಟೆಯ ನಾತದ ಅನಿಲವಾಗುತ್ತದೆ. ಸಿಹಿನೀರಿಗಿಂತ ಹೆಚ್ಚು ನಾರುತ್ತದೆ, ಲೋಹವನ್ನೂ ತಿನ್ನುತ್ತದೆ. ಆಮೇಲೆ ಭಾರ. 500 ಲೀಟರ್ ಅಂದರೆ ಹತ್ತು ಮೂಟೆ ಅಕ್ಕಿ. ಎಲ್ಲಿಡುತ್ತೀರಿ?

ಮಾವ: ಕೆಳಗೆ, ನಟ್ಟನಡುವೆ. ಅದು ನನಗೆ ಹೇಳಿಕೊಡಬೇಕಾಗಿಲ್ಲ. ತುಂಬಿದ ಕೊಡ ತುಳುಕುವುದಿಲ್ಲ, ಅರ್ಧ ಕೊಡ ಹೊತ್ತವಳಿಗೇ ಕಷ್ಟ. ಅರ್ಧ ಟ್ಯಾಂಕು ಇದ್ದಾಗ ಬೋಟು ಒಂದು ಬದಿಗೆ ವಾಲಿತೆಂದರೆ ನೀರೆಲ್ಲ ಆ ಬದಿಗೇ ಓಡಿ ಇನ್ನಷ್ಟು ವಾಲಿಸುತ್ತದೆ. ಮೀನಿನ ಸ್ಟೋರಿನಲ್ಲಿ ಹಲಗೆ ಅಡ್ಡ ಹಾಕಿ ಖಾನೆ ಮಾಡುತ್ತೇವಲ್ಲ, ಹಾಗೆ ಟ್ಯಾಂಕಿನ ಒಳಗೂ ಅಡ್ಡಪಟ್ಟಿ ಬೇಕು. ಆ ದುಂಡನೆಯ ಟ್ಯಾಂಕು ಆಗುವುದಿಲ್ಲ. ಬೋಟಿನ ಹೊಟ್ಟೆಯ ಆಕಾರಕ್ಕೆ ಫೈಬರಿನಲ್ಲೇ ಮಾಡಿಸಬೇಕು.

ಸೊಸೆ: ಹೊರಗೆ ಹೋಗುವ ಪೈಪು ಒಂದೇ ಇರಲಿ, ಮೇಲ್ಮುಖವಾಗಿ, ದಡದಿಂದ ಹೀರಿಕೊಳ್ಳುವುದಕ್ಕೆ. ಕೆಲವು ಬೋಟುಗಳಲ್ಲಿ ಎರಡು ದಾರಿಯ ವಾಲ್ವು ಇಟ್ಟಿರುತ್ತಾರೆ, ಒಂದು ದಡಕ್ಕೆ, ಒಂದು ನೀರಿಗೆ. ಕಡಲಿಗೆ ಹೋಗುವ ಬೋಟಿಗೆ ಅದು ಸರಿ. ಹೊಳೆಯಲ್ಲೇ ಇರುವ ಬೋಟಿಗೆ ಆ ಎರಡನೇ ದಾರಿ ಇದ್ದರೆ ಒಂದಲ್ಲ ಒಂದು ರಾತ್ರಿ ಯಾರೋ ತಿರುಗಿಸಿಯೇ ತಿರುಗಿಸುತ್ತಾರೆ. ಗಾಳಿಯ ಪೈಪು ಛಾವಣಿ ದಾಟಿ ಮೇಲೆ ಹೋಗಬೇಕು. ಮತ್ತೆ, ಇದು ಮುಖ್ಯ ಮಾವ: ಕಟ್ಟಿಕೊಂಡಿತು ಅಂತ ಯಾರನ್ನೂ ಟ್ಯಾಂಕಿನೊಳಗೆ ಇಳಿಸಬೇಡಿ. ಆ ಕೊಳೆತ ಮೊಟ್ಟೆಯ ನಾತದ ಅನಿಲ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. 2022ರ ಏಪ್ರಿಲಿನಲ್ಲಿ ಬಜಪೆಯ ಹತ್ತಿರ ಮೀನಿನ ಕಾರ್ಖಾನೆಯೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಒಬ್ಬ ಬಿದ್ದ, ಅವನನ್ನು ಎತ್ತಲು ಇಳಿದವರೂ ಬಿದ್ದರು. ಬಂಗಾಳದಿಂದ ದುಡಿಯಲು ಬಂದ ಐದು ಹುಡುಗರು ಹೋದರು.

ಮಾವ: ನೆನಪುಂಟು. ಆ ವಾರ ದಕ್ಕೆಯಲ್ಲಿ ಬೇರೆ ಮಾತೇ ಇರಲಿಲ್ಲ.

(ಒಳಗಿನಿಂದ ಚಹಾ ಬಂತು. ಹೆದ್ದಾರಿಯಾಚೆ ಕಡಲ ಸದ್ದು ಸ್ವಲ್ಪ ಏರಿತ್ತು. ಮಳೆಗಾಲ ಹತ್ತಿರ ಬಂದಾಗ ಹಾಗೆಯೇ.)

ಮಾವ: ರೈಲಿನಲ್ಲಿ ಈಗ ಕೆಳಗೆ ಬೀಳುವುದಿಲ್ಲವಂತಲ್ಲ. ಅದು ಹೇಗೆ?

ಸೊಸೆ: ಬಯೋ ಟಾಯ್ಲೆಟ್. ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಬೆಳೆಸಿದ ಬ್ಯಾಕ್ಟೀರಿಯಾ, ರೈಲ್ವೆಯವರು ಬೋಗಿಯ ಕೆಳಗೆ ಟ್ಯಾಂಕು ಕಟ್ಟಿ ಅದರಲ್ಲಿ ಬಿಟ್ಟರು. ಗಾಳಿಯಿಲ್ಲದ ಕಡೆ ಅವು ಮಲವನ್ನು ನೀರು, ಅನಿಲ ಮಾಡುತ್ತವೆ. ಹಿಂದೆ ಬೋಗಿಯಲ್ಲಿ ಒಂದು ಬೋರ್ಡು ಇರುತ್ತಿತ್ತು, ನಿಲ್ದಾಣದಲ್ಲಿ ಗಾಡಿ ನಿಂತಾಗ ಶೌಚಾಲಯ ಬಳಸಬೇಡಿ ಅಂತ. ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣದಲ್ಲಿ ಇಳಿದ ಯಾತ್ರಿಕರೆಲ್ಲ ಓದಿದ್ದ ಬೋರ್ಡು. ಓಡುವಾಗ ಸರಿ, ನಿಂತಾಗ ಬೇಡ. ನಾವು ದಕ್ಕೆಯ ಬಗ್ಗೆ ಮಾತಾಡಿದ್ದೂ ಅದನ್ನೇ. ದೇಶ ತುಂಬ ಓಡುವ ಗಾಡಿಗಳಿಗೆ ಅದನ್ನು ಸರಿಮಾಡಿದವರು ನಾವೇ. ಬೋಟಿಗೂ ಆ ಟ್ಯಾಂಕು ಇಡಬಹುದು, ಆದರೆ ಫಿನಾಯಿಲ್, ಆ್ಯಸಿಡ್ ಹೊಯ್ದರೆ ಬ್ಯಾಕ್ಟೀರಿಯಾ ಸಾಯುತ್ತದೆ. ಹೊರಬರುವ ನೀರೂ ಪೂರ್ತಿ ಶುದ್ಧವಲ್ಲ. ಹಳಿಯ ಮೇಲೆ ಬಿದ್ದರೆ ನಡೆಯುತ್ತದೆ, ಮರುವಾಯಿಯ ಮೇಲೆ ಬೀಳಬಾರದು. ನಿಮಗೆ ಸಾದಾ ಟ್ಯಾಂಕೇ ಒಳ್ಳೆಯದು. ತುಂಬಿಸಿ, ದಡಕ್ಕೆ ತಂದು, ಖಾಲಿ ಮಾಡಿ.

ಮಾವ: ಎಲ್ಲಿ?

ಸೊಸೆ: ಏನು ಎಲ್ಲಿ?

ಮಾವ: ಖಾಲಿ ಮಾಡುವುದು ಎಲ್ಲಿ? ನೀನು ಇಷ್ಟು ಹೊತ್ತು ಹೇಳಿದ್ದೆಲ್ಲ ಒಪ್ಪಿದೆ. ಇದಕ್ಕೆ ಉತ್ತರ ಹೇಳು. ನಾನು ಸುಮ್ಮನೆ ಗೆರೆ ಎಳೆದದ್ದಲ್ಲ ಈ ಸಾಲಿಗೆ. ಒಂದು ಕಚೇರಿಗೆ ಹೋಗಿ ಕೇಳಿದೆ, ಟ್ಯಾಂಕು ತುಂಬಿದ ಮೇಲೆ ಎಲ್ಲಿಗೆ ತರಬೇಕು ಸ್ವಾಮಿ ಅಂತ. ಅವರು ಪಟ್ಟಿ ನೋಡಿದರು, ಅದರಲ್ಲಿ ಇರಲಿಲ್ಲ. ಇನ್ನೊಂದು ಕಡೆ ಹೋಗಿ ಅಂದರು. ಅಲ್ಲಿಯೂ ಇಲ್ಲ. ಕೊನೆಗೆ ಸೆಪ್ಟಿಕ್ ಟ್ಯಾಂಕು ಹೀರುವ ಲಾರಿಯವನನ್ನು ಕೇಳಿದೆ. ದಕ್ಕೆ ತನಕ ಲಾರಿ ಬರುತ್ತದೆ, ಪೈಪೂ ಮುಟ್ಟುತ್ತದೆ, ದುಡ್ಡು ಕೊಟ್ಟರೆ ಬರುತ್ತೇನೆ ಅಂದ. ಆಮೇಲೆ ನೀನು ಎಲ್ಲಿ ಬಿಡುತ್ತೀ ಅಂತ ಕೇಳಿದೆ. ನನ್ನ ಮುಖ ನೋಡಲಿಲ್ಲ. ರಾತ್ರಿ ಎಲ್ಲಾದರೂ ಬಿಡುತ್ತೇನೆ ಅಂದ. ಎಲ್ಲಾದರೂ ಅಂದರೆ ತೋಡಿಗೆ. ತೋಡು ಹೋಗುವುದು ಹೊಳೆಗೆ. ನಾನು ಟ್ಯಾಂಕು ಇಟ್ಟು, ಲಾರಿಗೆ ಬಾಡಿಗೆ ಕೊಟ್ಟು, ಮತ್ತೆ ಇಲ್ಲಿಗೇ ಹಾಕಿದ ಹಾಗಾಯಿತಲ್ಲ!

ಸೊಸೆ: (ತಡೆದು) ನೀವು ಹೇಳಿದ್ದೇ ಇಡೀ ವಿಷಯದ ಗಂಟು ಮಾವ. ನಾನು ಟ್ಯಾಂಕಿನಿಂದ ಶುರು ಮಾಡಿದೆ, ದಕ್ಕೆಯಿಂದ ಶುರು ಮಾಡಬೇಕಿತ್ತು. 2021ರ ಕಾಯ್ದೆಯಲ್ಲೇ ಉಂಟು, ಬೋಟುಗಳ ತ್ಯಾಜ್ಯವನ್ನು ತೆಗೆದುಕೊಳ್ಳುವ ವ್ಯವಸ್ಥೆ ದಡದಲ್ಲಿ ಇರಬೇಕು ಅಂತ. ಬೋಟಿನವನ ಕರ್ತವ್ಯ ಎಷ್ಟೋ ದಕ್ಕೆಯವರ ಕರ್ತವ್ಯವೂ ಅಷ್ಟೇ. ನಮ್ಮಲ್ಲಿ ಮೊದಲರ್ಧ ಪಟ್ಟಿಗೆ ಬಂತು, ಎರಡನೆಯದ್ದು ಬರಲಿಲ್ಲ. ಸ್ವೀಡನ್‌ನವರು 2015ರ ಏಪ್ರಿಲ್ 1ರಿಂದ ವಿಹಾರದ ಬೋಟುಗಳು ಶೌಚದ ನೀರನ್ನು ಹೊರಗೆ ಬಿಡುವುದನ್ನು ನಿಷೇಧಿಸಿದರು. ಅದರ ಜೊತೆಗೆ ಬೋಟು ನಿಲ್ಲುವ ಬಂದರುಗಳು ಅದನ್ನು ತೆಗೆದುಕೊಳ್ಳಲೇಬೇಕು ಎಂಬ ನಿಯಮವನ್ನೂ ಇಟ್ಟರು. ಅಲ್ಲಿ ಬೋಟು ದಕ್ಕೆಗೆ ತಾಗಿದರೆ ಪಂಪಿನ ಪೈಪು ತಗುಲಿಸಿ ಹತ್ತು ನಿಮಿಷದಲ್ಲಿ ಹೀರಿಸಿಕೊಂಡು ಹೋಗುತ್ತಾರೆ.

ಮಾವ: ಸ್ವೀಡನ್ ಬಿಡು. ಕೇರಳದವರ ಹತ್ತಿರ ನೂರಾರು ಹೌಸ್‌ಬೋಟು ಉಂಟಲ್ಲ, ಆಲಪ್ಪುಳದಲ್ಲಿ?

ಸೊಸೆ: ಅವರು ಬೋಟುಗಳನ್ನು ಮೊದಲು ಬಿಟ್ಟರು, ಸಂಸ್ಕರಣೆಯ ಘಟಕ ಆಮೇಲೆ ಕಟ್ಟಿದರು. ವೇಂಬನಾಡು ಸರೋವರಕ್ಕೆ 2002ರಲ್ಲಿ ರಾಮ್ಸಾರ್ ಮನ್ನಣೆ ಸಿಕ್ಕಿತು. ಅಂಥ ನೀರಿನ ಮಲಿನತೆಯ ದೂರು ಇಂದಿಗೂ ನಿಂತಿಲ್ಲ. ನಾವು ಅವರಿಗಿಂತ ಅದೃಷ್ಟವಂತರು, ನಮ್ಮ ಹೊಳೆಗಳಲ್ಲಿ ರಾತ್ರಿ ಉಳಿಯುವ ಬೋಟುಗಳು ಬೆರಳೆಣಿಕೆ. ಕೋಡಿಬೆಂಗ್ರೆ, ಕೆಮ್ಮಣ್ಣು ಕಡೆ ಸುವರ್ಣಾ ನದಿಯಲ್ಲಿ ಶುರುವಾಗಿದೆ. ಹೆಚ್ಚಾಗುವ ಮೊದಲೇ ದಡ ಸಿದ್ಧವಾದರೆ ಸುಲಭ. ಲಾರಿ ಎಲ್ಲಿಗೆ ಹೋಗಬೇಕು ಅನ್ನುವುದಕ್ಕೂ ನಮ್ಮ ರಾಜ್ಯದಲ್ಲೇ ಮಾದರಿ ಉಂಟು. ದೇವನಹಳ್ಳಿಯಲ್ಲಿ 2015ರಲ್ಲೇ ಸೆಪ್ಟಿಕ್ ಲಾರಿಗಳ ಮಲತ್ಯಾಜ್ಯಕ್ಕೆಂದೇ ಘಟಕ ಮಾಡಿದರು. ಲಾರಿ ಅಲ್ಲಿ ಬಿಡುತ್ತದೆ, ಅದು ಒಣಗಿ ಗೊಬ್ಬರವಾಗುತ್ತದೆ. ಊರು ತುಂಬ ಒಳಚರಂಡಿ ಅಗೆಯುವ ತನಕ ಕಾಯಬೇಕಾಗಿಲ್ಲ. ಅಂಥದ್ದೊಂದು ಬೈಂದೂರು, ಕುಂದಾಪುರಕ್ಕೆ ಹತ್ತಿರವಾಗುವಲ್ಲಿ ಇದ್ದರೆ ಮನೆಗಳ ಲಾರಿಯೂ ಅಲ್ಲಿಗೇ ಹೋಗುತ್ತದೆ, ಬೋಟಿನದ್ದೂ ಅಲ್ಲಿಗೇ.

ಮಾವ: ಅದಕ್ಕಿಂತ ಮೊದಲು ಒಂದು ಬೇಕು. ದಕ್ಕೆಯಲ್ಲಿ ಸರಿಯಾದ ಕಕ್ಕಸು. ಹುಡುಗರಿಗೆ ಬೋಟಿನಲ್ಲಿ ಕೂರುವ ಆಸೆ ಎಂತದ್ದೂ ಇಲ್ಲ. ದಡದಲ್ಲಿ ಬಾಗಿಲು ಇರುವ, ನೀರು ಇರುವ, ದೀಪ ಇರುವ ಕಕ್ಕಸು ನಾಲ್ಕು ಹೆಜ್ಜೆಯಲ್ಲಿ ಇದ್ದರೆ ಬೋಟು ಕಟ್ಟಿದ ಮೇಲೆ ಯಾರು ಹಿಂಬದಿಗೆ ಹೋಗುತ್ತಾರೆ? ಕೆಲವು ಕಡೆ ಕಟ್ಟಡ ಉಂಟು, ಬೀಗ ಹಾಕಿರುತ್ತದೆ. ಬೀಗದ ಕೈ ಯಾರ ಹತ್ತಿರ ಅಂತ ಬೆಳಗಿನ ನಾಲ್ಕು ಗಂಟೆಗೆ ಕೇಳುವುದು ಯಾರನ್ನು? ಮೀನು ಹೊರುವ, ಬೇರ್ಪಡಿಸುವ ಹೆಂಗಸರು ರಾತ್ರಿ ಮೂರಕ್ಕೆ ಬಂದರೆ ಹತ್ತರ ತನಕ ನೀರು ಕುಡಿಯುವುದಿಲ್ಲ. ಹೋಗುವುದಕ್ಕೆ ಜಾಗ ಇಲ್ಲ ಅಂತ. ನಿನ್ನ ಅತ್ತೆಗೆ ಮೂತ್ರದ ಕಾಯಿಲೆ ಬಂದದ್ದು ಹಾಗೆಯೇ.

ಸೊಸೆ: ಅತ್ತೆ ನನಗೆ ಹೇಳಲೇ ಇಲ್ಲ.

ಮಾವ: ಯಾರಿಗೆ ಹೇಳುತ್ತಾಳೆ? ಇನ್ನೊಂದು ಹೇಳುತ್ತೇನೆ, ಇದು ನಾನು ಮನೆಯಲ್ಲಿ ಹೇಳಿದ್ದಲ್ಲ. ನಾನು ಹೊಸತಾಗಿ ತಂಡೇಲನಾದಾಗ ನಮ್ಮ ಬೋಟಿನಲ್ಲಿ ಒಬ್ಬ ಹುಡುಗ ಇದ್ದ, ಹತ್ತೊಂಬತ್ತು ವರ್ಷ ಇರಬೇಕು. ರಾತ್ರಿ ಎದ್ದು ಹಿಂಬದಿಗೆ ಹೋದ. ಒಂದು ಕೈಯಲ್ಲಿ ಹಗ್ಗ ಹಿಡಿದು ಕೂರುವುದು ರೂಢಿ. ಬೋಟು ಓಡುತ್ತಿತ್ತು, ಎಂಜಿನ್ ಸದ್ದು. ಬೆಳಿಗ್ಗೆ ಚಹಾ ಕೊಡುವಾಗ ಒಂದು ಲೋಟ ಉಳಿಯಿತು. ಆಗಲೇ ಗೊತ್ತಾದದ್ದು. ಬೋಟು ತಿರುಗಿಸಿ ಆ ದಿನ ಪೂರ್ತಿ ಹುಡುಕಿದೆವು. ಸಿಗಲಿಲ್ಲ. ಅವನ ಅಪ್ಪನಿಗೆ ಹೇಗೆ ಹೋಯಿತು ಅಂತ ಹೇಳುವಾಗ ನಾನು ಬಲೆ ಎಳೆಯುವಾಗ ಬಿದ್ದ ಅಂದೆ. ಕಕ್ಕಸಿಗೆ ಕೂತಲ್ಲಿಂದ ಬಿದ್ದ ಅನ್ನಲು ಬಾಯಿ ಬರಲಿಲ್ಲ. ನಾಲ್ಕು ಹಲಗೆಯ ಒಂದು ಗೂಡು ಇದ್ದಿದ್ದರೆ ಅವನಿಗೆ ಈಗ ಮಕ್ಕಳಿರುತ್ತಿದ್ದರು.

(ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ. ಹೊಳೆಯಲ್ಲಿ ಭರತ ಏರುತ್ತಿತ್ತು. ದಂಡೆಯ ಕಲ್ಲಿನ ಎರಡು ಸಾಲು ಆಗಲೇ ಮುಳುಗಿದ್ದವು.)

ಸೊಸೆ: ಮೀನಿನ ಬೋಟಿಗೆ ಟ್ಯಾಂಕು ಅಂತ ನಾನು ಕೊಳಚೆಯ ಲೆಕ್ಕದಲ್ಲೇ ಯೋಚಿಸಿದ್ದೆ.

ಮಾವ: ಮೊದಲು ಗೂಡು, ಆಮೇಲೆ ಟ್ಯಾಂಕು. ಹೊಸ ಬೋಟು ಕಟ್ಟುವಾಗಲೇ ಗೂಡನ್ನು ಸೇರಿಸಿ ಕಟ್ಟಲಿ. ಸಾಲ, ಸಬ್ಸಿಡಿ ಕೊಡುವವರು ಅದೊಂದು ಷರತ್ತು ಹಾಕಲಿ. ಅದರ ಕೆಳಗೆ ನೂರು ಲೀಟರಿನ ಸಣ್ಣ ಟ್ಯಾಂಕು. ದಕ್ಕೆಯಲ್ಲಿದ್ದಾಗ, ಅಳಿವೆಯೊಳಗೆ ಇದ್ದಾಗ ಅದಕ್ಕೆ ಹೋಗಲಿ. ದೂರ ಕಡಲಿನಲ್ಲಿ ನಿನ್ನ 12 ಮೈಲಿಯ ಲೆಕ್ಕ ಇರಲಿ. ಇಷ್ಟನ್ನು ಯಾವ ತಂಡೇಲನೂ ಬೇಡ ಅನ್ನುವುದಿಲ್ಲ. ಹೇಳುವ ಹಾಗೆ ಹೇಳಬೇಕು. ನೋಟಿಸು ಅಂಟಿಸಿ ಹೋದರೆ ಯಾರೂ ಓದುವುದಿಲ್ಲ.

ಸೊಸೆ: ನಿಮ್ಮ ಪ್ರವಾಸಿ ಬೋಟು?

ಮಾವ: ದಡದಲ್ಲಿ ಖಾಲಿ ಮಾಡುವ ಜಾಗ ಆಗುವ ತನಕ ರಾತ್ರಿ ಉಳಿಯುವ ಬೋಟು ಬೇಡ. ಎರಡು ಗಂಟೆ ಹೊಳೆ ಸುತ್ತಿಸಿ ತರುವ ಬೋಟು ಸಾಕು. ಹತ್ತುವ ಮೊದಲು, ಇಳಿದ ಮೇಲೆ ನಮ್ಮ ಮನೆಯ ಬಚ್ಚಲು, ಕಕ್ಕಸು ಉಂಟು. ಆದಾಯ ಕಡಿಮೆ, ಆಗಲಿ. ನಿನ್ನ ಅಜ್ಜಿ ಚಿಪ್ಪು ಹೆಕ್ಕಿದ ಜಾಗದ ಮೇಲೆ ನಾನು ಅದನ್ನು ಬಿಡುವುದಿಲ್ಲ. ಈಗ ಪೆನ್ನು ತೆಗೆ. ಒಂದು ಅರ್ಜಿ ಬರೆ. ಗ್ರಾಮ ಪಂಚಾಯಿತಿಗೆ ಒಂದು ಪ್ರತಿ, ಮೀನುಗಾರಿಕೆ ಇಲಾಖೆಗೆ ಒಂದು, ಬಂದರಿನವರಿಗೆ ಒಂದು, ಮಾಲಿನ್ಯ ಮಂಡಳಿಗೆ ಒಂದು. ಇಂಗ್ಲಿಷು ಬೇಡ.

ಸೊಸೆ: ಏನು ಬರೆಯಲಿ?

ಮಾವ: ಹೀಗೆ ಬರೆ. ದಕ್ಕೆಯ ಕಕ್ಕಸುಗಳ ಬೀಗ ತೆಗೆಸಿ, ನೀರು, ದೀಪ ಕೊಟ್ಟು, ಹಗಲು ರಾತ್ರಿ ತೆರೆದಿಡಿ. ನೋಡಿಕೊಳ್ಳಲು ಸಂಬಳ ಕೊಟ್ಟು ಒಬ್ಬರನ್ನು ಇಡಿ. ಬೋಟಿನ ಟ್ಯಾಂಕನ್ನು ಹೀರುವ ಒಂದು ಪಂಪು, ಒಂದು ಪೈಪು ದಕ್ಕೆಯ ಅಂಚಿನಲ್ಲಿ ಹಾಕಿಸಿ. ಹೀರಿದ್ದನ್ನು ಲಾರಿ ಎಲ್ಲಿಗೆ ಒಯ್ಯಬೇಕು ಎಂಬುದನ್ನು ಜಾಗದ ಹೆಸರು ಹಾಕಿ ತಿಳಿಸಿ. ಅಷ್ಟು ಮಾಡಿ, ಆಮೇಲೆ ಬೋಟಿನವರನ್ನು ಟ್ಯಾಂಕು ಎಲ್ಲಿ ಅಂತ ಕೇಳಿ. ನಾನೇ ನಿಂತು ಉಳಿದ ತಂಡೇಲರನ್ನು ಕರೆತರುತ್ತೇನೆ.

ಸೊಸೆ: ಮಳೆಗಾಲದಲ್ಲಿ ಕೆಲಸ ಆಗುವುದಿಲ್ಲ ಅಂತ ಉತ್ತರ ಬಂದರೆ?

ಮಾವ: ಬೀಗ ತೆಗೆಯುವುದಕ್ಕೆ ಮಳೆ ಅಡ್ಡ ಬರುವುದಿಲ್ಲ. ಹೀರಿದ್ದನ್ನು ದಕ್ಕೆಯಲ್ಲಿ ತುಂಬಿಡುವ ಟ್ಯಾಂಕು ಕಾಂಕ್ರೀಟಿನದೇ ಆಗಬೇಕೆಂದಿಲ್ಲ, ಫೈಬರಿನದ್ದು ತಂದು ಇಟ್ಟರೂ ಆಗುತ್ತದೆ. ಅದನ್ನೂ ಬರೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಕಡಲಿಗೆ ಹೋಗುವಂತಿಲ್ಲ. 61 ದಿನ ದಕ್ಕೆಯಲ್ಲಿ ಗದ್ದಲ ಇಲ್ಲ, ಹುಡುಗರೆಲ್ಲ ಊರಿಗೆ ಹೋಗಿರುತ್ತಾರೆ. ಆಗಸ್ಟ್ 1ಕ್ಕೆ ಬೋಟು ಇಳಿಯುತ್ತದೆ, ಹುಡುಗರು ವಾಪಸು ಬಂದಿರುತ್ತಾರೆ. ಅಷ್ಟರೊಳಗೆ ಆಗಬೇಕು ಅಂತ ದಿನಾಂಕ ಹಾಕಿ ಬರೆ.